ಅತ್ತೆಯ ಬಾವಿ, ಅಳಿಯನ ಮೂಗು

ಆ ಬೀದಿಯಲ್ಲಿ ಮೂಗು ಎಲ್ಲರಿಗೂ ಇತ್ತು. ಆದರೆ ಮೂಗಣ್ಣ ಅನ್ನಿಸಿಕೊಳ್ಳುವ ಯೋಗ ಇದ್ದದ್ದು ಒಬ್ಬನಿಗೆ ಮಾತ್ರ.

ಅವನು ಸಾಬೂನು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಗುಮಾಸ್ತ. ಹಿಂದೊಮ್ಮೆ ಕಾರ್ಖಾನೆಯ ಪರಿಮಳ ತಜ್ಞರಿಗೆ ನೆಗಡಿಯಾಗಿದ್ದಾಗ, ಮ್ಯಾನೇಜರು ಎದುರಿಗೆ ಸಿಕ್ಕ ಇವನ ಮುಖಕ್ಕೆ ಒಂದು ಸಾಬೂನು ಹಿಡಿದು "ಹೇಗಿದೆ ನೋಡಿ" ಎಂದಿದ್ದರು. ಇವನು ಕಣ್ಣು ಮುಚ್ಚಿ, ಉಸಿರೆಳೆದು, "ಗುಲಾಬಿ ಸ್ವಲ್ಪ ಕಡಿಮೆ ಸರ್" ಎಂದ. ಪರೀಕ್ಷೆ ಮಾಡಿದರೆ ಗುಲಾಬಿ ಕಡಿಮೆಯೇ ಇತ್ತು. ಅದು ನಿಂಬೆಯ ಸಾಬೂನು, ಅದರಲ್ಲಿ ಗುಲಾಬಿ ಇರಲೇ ಇಲ್ಲ ಎಂದು ಹೊಟ್ಟೆಕಿಚ್ಚಿನ ಕೆಲವರು ಹೇಳುತ್ತಾರೆ. ಇಲ್ಲದ್ದನ್ನು ಕಡಿಮೆ ಎಂದರೆ ಅದರಲ್ಲಿ ಸುಳ್ಳೇನು ಬಂತು?

ಅಂದಿನಿಂದ ಅವನು ತನ್ನ ಮೂಗನ್ನು ಯಾರೋ ಅಡವಿಟ್ಟು ಹೋದ ಒಡವೆಯಂತೆ ಜೋಪಾನ ಮಾಡತೊಡಗಿದ. ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ಅವನು ಬೀದಿಯಲ್ಲಿ. ಬಸ್ಸು ಹತ್ತಿದರೆ ಕರವಸ್ತ್ರ. ಬಿಸಿ ಹಬೆಯಿಂದ ಮೂಗಿನ ಸೂಕ್ಷ್ಮ ಹಾಳಾಗುತ್ತದೆ ಎಂದು ಯಾರೋ ಬಸ್ಸಿನಲ್ಲಿ ಹೇಳಿದ್ದೇ ತಡ, ಮನೆಗೆ ಬಂದವನೇ ಬಚ್ಚಲಿನ ಹಿಂದಿನ ಗೋಡೆಗೆ ನೇತುಹಾಕಿದ್ದ ಹೀಟರಿನ ಗುಂಡಿಯನ್ನು ತೀರ ಕೆಳಗೆ ತಿರುಗಿಸಿ, ಯಾರೂ ಮುಟ್ಟದಂತೆ ಅದರ ಮೇಲೆ ಟೇಪು ಅಂಟಿಸಿದ. ಹಾಗೆಂದು ತಣ್ಣೀರು ಹುಯ್ದುಕೊಳ್ಳುವ ಗಂಡಸೂ ಅವನಲ್ಲ. ತಣ್ಣೀರಿನ ಒಂದು ಹನಿ ಬೆನ್ನಿಗೆ ಬಿದ್ದರೆ ಜೀವ ಬಾಯಿಗೆ ಬರುವ ಕುಳ. ಆದ್ದರಿಂದ ಅವನ ಸ್ನಾನ ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ, ಕೂಸಿನ ಹಾಲಿನಂಥ ನೀರಿನಲ್ಲಿ ನಡೆಯುತ್ತಿತ್ತು.

ಮನೆ ಅತ್ತೆಯದು. ಕಿರಿಯ ಮಗಳ ಮದುವೆಯಾದ ಮೇಲೆ ಅಳಿಯನ ಹೆಸರಿಗೆ ಬರೆದುಕೊಟ್ಟಿದ್ದರು. ಹಿತ್ತಲಿನ ಬಾವಿ ಮಾತ್ರ ಕಾಗದದಲ್ಲಿ ಯಾರದೇ ಆಗಿರಲಿ, ಬಾಯಿಮಾತಿನಲ್ಲಿ 'ನನ್ನ ಬಾವಿ'ಯೇ ಆಗಿತ್ತು. ಅವರ ಯಜಮಾನರು ಮೂರು ಕಡೆ ಅಗೆಸಿ ಬರೀ ಕಲ್ಲು ಕಂಡು, ಕೊನೆಗೆ ಹೆಂಡತಿ "ಇಲ್ಲಿ" ಎಂದು ಕಾಲ್ಬೆರಳಿನಲ್ಲಿ ತೋರಿಸಿದ ಕಡೆ ಅಗೆಸಿದ್ದಂತೆ. ಮನೆಯ ನಲ್ಲಿಗಳಿಗೆಲ್ಲ ಮೋಟರಿನಿಂದ ನೀರು ಏರುತ್ತಿದ್ದದ್ದೂ ಅದರಿಂದಲೇ. ಬೇಸಿಗೆಯಿರಲಿ ಚಳಿಯಿರಲಿ, ಅತ್ತೆ ಬೆಳಕು ಹರಿಯುವಾಗ ಹಗ್ಗದಿಂದ ನೀರು ಸೇದಿ ಬಾವಿಕಟ್ಟೆಯ ಪಕ್ಕದ ತಗಡಿನ ಮರೆಯಲ್ಲಿ ತಣ್ಣೀರು ಸ್ನಾನ ಮುಗಿಸುತ್ತಿದ್ದರು. ಒಳಗಿನ ಬಚ್ಚಲಿಗೆ ಕಾಲಿಟ್ಟವರಲ್ಲ. ಬೆಚ್ಚಗಿನ ನೀರು ಕಾಯಿಲೆಯವರಿಗೆ ಮತ್ತು ಅಳಿಯಂದಿರಿಗೆ ಎಂಬುದು ಅವರ ಸಿದ್ಧಾಂತ.

ಇಷ್ಟಾದರೂ ಅತ್ತೆ ಅಳಿಯ ಒಳ್ಳೆಯ ದೋಸ್ತಿಗಳು. ಸಂಜೆ ಬಾವಿಕಟ್ಟೆಯ ಮೇಲೆ ಕೂತು ಇಸ್ಪೀಟಾಡುವುದು ಇಬ್ಬರಿಗೂ ಊಟಕ್ಕಿಂತ ಮುಖ್ಯ. ಅತ್ತೆ ಮೋಸ ಮಾಡುತ್ತಿದ್ದರು. ಅಳಿಯನಿಗೆ ಅದು ಗೊತ್ತಿತ್ತು. ಅವನಿಗೆ ಗೊತ್ತಿರುವುದು ಅತ್ತೆಗೂ ಗೊತ್ತಿತ್ತು. ಹೀಗೆ ಸಂಸಾರ ಸುಖವಾಗಿ ಸಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಮೂಗಣ್ಣ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ತಿರುಗಿಸಿದವನು ಸೊಂಟದ ಟವೆಲ್ಲು ಹಿಡಿದುಕೊಂಡು ಹಾಗೆಯೇ ನಡುಮನೆಗೆ ಬಂದು ನಿಂತ.

"ಹೋಯ್ತು" ಎಂದ.

"ಯಾರು?" ಎಂದಳು ಹೆಂಡತಿ.

"ಬಾವಿ. ಕೊಳೆತ ಮೊಟ್ಟೆ ವಾಸನೆ. ನನ್ನ ಮೂಗು ಸುಳ್ಳು ಹೇಳಲ್ಲ."

ಹೆಂಡತಿ ಬಚ್ಚಲಿಗೆ ಹೋಗಿ, ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೊರಬಂದಳು. "ಹೌದು ರೀ. ಆದ್ರೆ ಅಡುಗೆಮನೆ ನೀರು ಸರಿಯಾಗೇ ಇದ್ಯಲ್ಲ."

"ಅಡುಗೆ ಘಮದಲ್ಲಿ ನಿನಗೆ ಏನು ಗೊತ್ತಾಗುತ್ತೆ. ಅದಕ್ಕೆಲ್ಲ ಪಳಗಿದ ಮೂಗು ಬೇಕು."

ಅಷ್ಟರಲ್ಲಿ ಹಿತ್ತಲಿನಿಂದ ಅತ್ತೆ ಒದ್ದೆ ಕೂದಲು ಒರೆಸಿಕೊಳ್ಳುತ್ತ ಬಂದರು. "ಎಂಥ ವಾಸನೆ? ಈಗ ತಾನೆ ತಲೆಗೆ ಹುಯ್ಕೊಂಡು ಬಂದೆ. ನೀರು ಕನ್ನಡಿ ಹಾಗಿದೆ."

"ಬಚ್ಚಲಿಗೆ ಬಂದು ನೋಡಿ ಅತ್ತೆ."

"ಬಾವಿ ನೋಡೋಕೆ ಬಾವಿ ಹತ್ರ ಹೋಗ್ಬೇಕು ಅಳಿಯಂದಿರೇ. ಬಚ್ಚಲಿಗೆ ಯಾಕೆ ಹೋಗ್ಲಿ?"

ಅದು ನ್ಯಾಯವೇ ಅನ್ನಿಸಿ ಅವನು ಹೋಗಿ ಬಾವಿಯೊಳಗೆ ಬಗ್ಗಿದ. ಮೂಗಿನ ತುಂಬ ಮೊಟ್ಟೆ ಹೊತ್ತುಕೊಂಡು ಹೋದವನಿಗೆ ಬಾವಿಯಲ್ಲಿ ಮೊಟ್ಟೆ ಸಿಗದೆ ಇನ್ನೇನು ಸಿಕ್ಕೀತು? "ಇಲ್ಲೂ ಇದೆ" ಎಂದ, ತೀರ್ಪು ಓದುವ ದನಿಯಲ್ಲಿ.

ಪಕ್ಕದ ಮನೆಯವರು ರೈಲ್ವೆಯ ನಿವೃತ್ತ ಗಾರ್ಡು. ನಿವೃತ್ತರಾದ ಮೇಲೂ ಸೀಟಿಯನ್ನು ಕೊರಳಿನಿಂದ ತೆಗೆದಿರಲಿಲ್ಲ. ಕಾಂಪೌಂಡಿನ ಮೇಲಿಂದ ಇದೆಲ್ಲ ಕೇಳಿಸಿಕೊಂಡವರು ಕರೆಯದೆಯೇ ಬಂದರು. ಮೂಗಣ್ಣ ಅವರನ್ನು ಬಚ್ಚಲಿಗೆ ಕರೆದೊಯ್ದು, ಗೃಹಪ್ರದರ್ಶನದ ಗತ್ತಿನಲ್ಲಿ ನಲ್ಲಿ ತಿರುಗಿಸಿದ. ಗಾರ್ಡು ಬಕೀಟಿನೊಳಗೆ ಮುಖವಿಟ್ಟು, ಬಹಳ ಹೊತ್ತು ಇಟ್ಟೇ ಇದ್ದು, ತಲೆಯೆತ್ತಿದರು.

"ಭಯಂಕರ" ಎಂದರು. "ನಮ್ಮ ಲೈನಿನಲ್ಲಿ ಒಂದು ಸ್ಟೇಷನ್ನಿತ್ತು. ಇದೇ ವಾಸನೆ. ಬಾವಿಯೊಳಗೆ ನೋಡಿದ್ರೆ ಎಮ್ಮೆ."

"ನಮ್ಮ ಬಾವಿ ಬಾಯಿಗೆ ಎಮ್ಮೆ ಹಿಡಿಸಲ್ಲ" ಎಂದರು ಅತ್ತೆ.

"ಕರು ಇರಬಹುದು. ಬಿದ್ದಾಗ ಕರು."

ಸಂಜೆಯೊಳಗೆ ಬೀದಿಯಲ್ಲಿ ಮೂಗಣ್ಣನ ಬಾವಿಗೆ ಎಮ್ಮೆ ಬಿದ್ದಿರುವುದು ಖಚಿತವಾಯಿತು. ಎದುರು ಮನೆಯವರು ಅದರ ಬಣ್ಣ ಹೇಳಿದರು. ಮೂಲೆಯಂಗಡಿಯವನು ಯಾರ ಎಮ್ಮೆ ಎಂಬುದನ್ನೂ ಹೇಳಿದ. ಅಳಿಯನ ಮನೆಗೆ ಕುಡಿಯುವ ನೀರು ಕ್ಯಾನಿನಲ್ಲಿ ಬರತೊಡಗಿತು. ಅತ್ತೆ ಮಾತ್ರ ಎಲ್ಲರೆದುರು ಬಾವಿಯಿಂದ ಒಂದು ಲೋಟ ಸೇದಿ, ನಿಧಾನವಾಗಿ ಕುಡಿದು, ಬಾಯಿ ಒರೆಸಿಕೊಂಡರು.

ಮೂಗಣ್ಣನಿಗೆ ವಿಜ್ಞಾನದಲ್ಲಿ ನಂಬಿಕೆ. ಬಕೀಟು ತುಂಬ ಬ್ಲೀಚಿಂಗ್ ಪುಡಿ ಕಲಸಿ ಬಾವಿಗೆ ಸುರಿದ. ಎಷ್ಟು ಸುರಿಯಬೇಕೆಂದು ಚೀಲದ ಮೇಲೆ ಬರೆದಿತ್ತು. ಎಮ್ಮೆಯ ಲೆಕ್ಕ ಅದರಲ್ಲಿ ಇರಲಿಲ್ಲವಾದ್ದರಿಂದ ಇನ್ನಷ್ಟು ಸುರಿದ. ಮನೆಯ ಪ್ರತಿ ನಲ್ಲಿಯಲ್ಲೂ ಆ ನೀರು ಹರಿಯಿತು. ಹೆಂಡತಿಯ ಹಸಿರು ಸೀರೆ ಬಿಳಿಯಾಯಿತು. ಅತ್ತೆಯ ಕಣ್ಣು ಕೆಂಪಾಯಿತು. ಮನೆ ಈಜುಕೊಳದ ಹಾಗೆ ನಾರಿತು, ಆದರೆ ಮೊಟ್ಟೆ ಮಾಯವಾಯಿತು.

"ನೋಡಿದ್ರಾ?" ಎಂದ ಮೂಗಣ್ಣ.

ನೋಡಿ ಮುಗಿಸುವುದರೊಳಗೆ ಅದು ತಿರುಗಿ ಬಂತು. ಮುಂದಿನ ವಾರ ಬಚ್ಚಲಿನ ನಲ್ಲಿ ತಿರುಗಿಸಿದರೆ ಅದೇ ಮೊಟ್ಟೆ, ಊರಿಗೆ ಹೋಗಿ ಬಂದು ಮೈ ತುಂಬಿಕೊಂಡಂತೆ. ಅತ್ತೆ ಮಾತ್ರ ಬಾವಿಕಟ್ಟೆಯಲ್ಲಿ ತಲೆ ಒರೆಸಿಕೊಳ್ಳುತ್ತ, "ಈಗ ಸರಿ ಹೋಯ್ತು ನೋಡಿ, ಆ ಆಸ್ಪತ್ರೆ ವಾಸನೆ ಹೋಗಿ ನೀರು ಮೊದಲಿನ ಹಾಗಾಯ್ತು" ಎಂದರು.

ಮೂಗಣ್ಣ ಹೆಂಡತಿಯನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ. "ಬಾವಿ ಒಂದೇ ಅಲ್ಲ ಕಣೆ. ಅಮ್ಮನ ಮೂಗೂ ಹೋಗಿದೆ."

ಹೀಗಾಗಿ ಅತ್ತೆಯನ್ನು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಕರೆದೊಯ್ಯಲಾಯಿತು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಅವರಿಗೆ ಬೋರ್ಡು ಓದಿದ ಮೇಲೆಯೇ ತಿಳಿದದ್ದು. ತಿಳಿದ ಮೇಲೆ ಅವರು ಸೆರಗನ್ನು ಸೊಂಟಕ್ಕೆ ಬಿಗಿದು ಮುಂದೆ ನಡೆದರು. ಅವರು ಸೆರಗು ಬಿಗಿದರೆ ಜೋರು ಮಳೆ ಇದೆ ಎಂದೇ ಅರ್ಥ.

ಡಾಕ್ಟರು ಅವರ ಕಣ್ಣು ಮುಚ್ಚಿಸಿ ಒಂದೊಂದೇ ಸೀಸೆ ಹಿಡಿದರು. ಅತ್ತೆ ಬೇಜಾರಿನಿಂದ ಉತ್ತರ ಕೊಟ್ಟರು. "ಲವಂಗ. ನಿಂಬೆ. ಸೀಮೆಎಣ್ಣೆ. ಇದು ಬರೀ ನೀರು, ನನ್ನನ್ನ ಏಮಾರಿಸಬೇಡಿ."

"ಭೇಷ್" ಎಂದರು ಡಾಕ್ಟರು.

"ಹೊರಗಡೆ ನಿಮ್ಮ ಕಂಪೌಂಡರು ಬೀಡಿ ಹಚ್ಚಿದಾನೆ."

ಡಾಕ್ಟರು ಎದ್ದು ಹೋಗಿ ಬಾಗಿಲು ತೆರೆದರು. ಕೊಂಚ ಹೊತ್ತು ಹೊರಗಿನಿಂದ ಬೈಗುಳ ಕೇಳಿಸಿತು. ತಿರುಗಿ ಬಂದು, "ತಾಯೀ, ನಿಮ್ಮ ಮೂಗು ಪೊಲೀಸ್ ಇಲಾಖೆಗೆ ಸೇರಬೇಕಾದದ್ದು" ಎಂದರು.

"ಅದನ್ನ ಬರೆದುಕೊಡಿ" ಎಂದರು ಅತ್ತೆ. "ಮೊಹರು ಹಾಕಿ."

ಡಾಕ್ಟರು ಬರೆದು, ಮೊಹರು ಒತ್ತಿ, ಮೂಗಣ್ಣನ ಕಡೆ ತಿರುಗಿದರು. "ನಿಮ್ಮದನ್ನೂ ಒಂದ್ಸಲ ನೋಡಿಬಿಡ್ಲಾ?"

ಅವನು ಎರಡೂ ಕೈಯಿಂದ ಮೂಗು ಮುಚ್ಚಿಕೊಂಡ. "ನನ್ನದು ಕಾರ್ಖಾನೆಯಲ್ಲೇ ಪಾಸಾಗಿದೆ."

ಆ ಸಂಜೆ ಅವನು ಇಸ್ಪೀಟಿನ ಕಟ್ಟು ಹಿಡಿದು ಬಾವಿಕಟ್ಟೆಗೆ ಹೋದಾಗ ಅತ್ತೆ ಎದ್ದು ನಿಂತರು. "ನನ್ನ ಮೂಗನ್ನ ನಂಬದೋರ ಜೊತೆ ನಾನು ಎಲೆ ಹಾಕಲ್ಲ." ಅವನು ಒಬ್ಬನೇ ಕೂತು ಎರಡೂ ಕೈ ಆಡಿ ನೋಡಿದ. ಮೋಸ ಮಾಡುವವರಿಲ್ಲದ ಆಟದಲ್ಲಿ ಗೆದ್ದರೂ ಸೋತ ಹಾಗೆಯೇ ಅನ್ನಿಸಿತು.

ಮರುದಿನ, ಮೂಗಣ್ಣ ಕೊಟ್ಟಿದ್ದ ಅರ್ಜಿಯ ಮೇಲೆ, ನೀರು ಪರೀಕ್ಷೆಯ ಕಚೇರಿಯಿಂದ ಇನ್‌ಸ್ಪೆಕ್ಟರು ಬಂದರು. ತೆಳ್ಳಗಿನ ಮನುಷ್ಯ. ಜಗತ್ತಿನಲ್ಲಿ ಫಾರಮ್ಮಿನೊಳಗೆ ಹಿಡಿಸದ್ದು ಏನೂ ಇಲ್ಲ ಎಂಬ ನಂಬಿಕೆಯ ಮುಖ. ಬಾವಿಗೆ ಸೀಸೆ ಇಳಿಬಿಟ್ಟು ನೀರು ತೆಗೆದುಕೊಂಡ ಮೇಲೆ ಪ್ರಶ್ನೆ ಶುರು ಮಾಡಿದರು.

"ವಾಸನೆ ತಣ್ಣೀರಲ್ಲೋ, ಬಿಸಿನೀರಲ್ಲೋ?"

"ನೀರಲ್ಲಿ" ಎಂದ ಮೂಗಣ್ಣ.

"ಹಾಗನ್ನೋದಕ್ಕೆ ಇಲ್ಲಿ ಜಾಗ ಇಲ್ಲ. ತಣ್ಣೀರು, ಬಿಸಿನೀರು, ಎರಡೂ. ಯಾವುದಾದ್ರೂ ಒಂದು ಹೇಳಿ."

ತಣ್ಣೀರಿನ ನಲ್ಲಿಯನ್ನು ಜನ್ಮದಲ್ಲಿ ಮುಟ್ಟಿರದ ಮೂಗಣ್ಣ ಉದಾರವಾಗಿ "ಎರಡೂ ಅಂತ ಹಾಕಿ" ಎಂದ.

ಕೆಲವು ದಿನಗಳ ಮೇಲೆ ಇನ್‌ಸ್ಪೆಕ್ಟರು ಫೋನು ಮಾಡಿದರು. ನೀರಿನಲ್ಲಿ ದೋಷವಿಲ್ಲ, ಕುಡಿಯಬಹುದು.

"ವಾಸನೆ?"

"ವಾಸನೆ ಕಂಡುಬಂದಿಲ್ಲ."

"ನಿಮ್ಮ ಪ್ರಯೋಗಾಲಯದಲ್ಲಿ ಮೂಗಿರೋರು ಯಾರಾದ್ರೂ ಇದ್ದಾರಾ ಸ್ವಾಮಿ?"

"ಆ ಹುದ್ದೆ ಖಾಲಿ ಇದೆ" ಎಂದು ಇನ್‌ಸ್ಪೆಕ್ಟರು ಫೋನಿಟ್ಟರು.

ಡಾಕ್ಟರು ಒಂದು ಕಡೆ, ಸರ್ಕಾರ ಒಂದು ಕಡೆ, ಅತ್ತೆ ಒಂದು ಕಡೆ. ಬುದ್ಧಿವಂತನಾದವನು ಇಂಥ ಹೊತ್ತಿನಲ್ಲಿ ಸುಮ್ಮನಾಗುತ್ತಾನೆ. ಆದರೆ ಅಷ್ಟು ಹೊತ್ತಿಗೆ ಕಾರ್ಖಾನೆಗೆಲ್ಲ ವಿಷಯ ಗೊತ್ತಾಗಿತ್ತು. ಮ್ಯಾನೇಜರೇ ಕರೆದು, "ಏನ್ರೀ, ಎಮ್ಮೆ ಸಿಕ್ತಾ?" ಎಂದು ಕೇಳಿದ್ದರು. ಈಗ ಎಮ್ಮೆ ಇಲ್ಲ ಎಂದರೆ ಮೂಗೂ ಇಲ್ಲ ಎಂದಂತೆ. ಮೂಗು ಹೋದರೆ ಅವನು ಪ್ಯಾಕಿಂಗ್ ವಿಭಾಗದ ಬರೀ ಗುಮಾಸ್ತ.

"ಬಾವಿ ಮುಚ್ಚಿಸಿಬಿಡೋದು" ಎಂದ ಮೂಗಣ್ಣ ಊಟಕ್ಕೆ ಕೂತಾಗ. "ನಾಳೆ ಮನೆಯೋರಿಗೆಲ್ಲ ಕಾಯಿಲೆ ಬಂದ್ರೆ ಯಾರು ಹೊಣೆ? ಗಾರ್ಡ್ ಮಾಮ ಮಣ್ಣಿನ ಲಾರಿಗೆ ಹೇಳಿದ್ದಾರೆ. ಭಾನುವಾರ ಬರುತ್ತೆ."

ಅತ್ತೆ ಕೈತೊಳೆದುಕೊಂಡರು. "ಮನೆ ನಿಮ್ಮ ಹೆಸರಿಗೆ ಬರೆದಾಯ್ತು. ಮುಚ್ಚೋದು ನಿಮ್ಮಿಷ್ಟ. ಅದೇ ಲಾರಿ ಹಿಂದಕ್ಕೆ ಹೋಗುವಾಗ ನನ್ನನ್ನ ದೊಡ್ಡ ಮಗಳ ಮನೆ ಹತ್ರ ಇಳಿಸಿ ಹೋಗ್ಲಿ. ಒಂಬತ್ತನೇ ಮಹಡಿ. ಅಲ್ಲಿಗೆ ನೀರು ಎಲ್ಲಿಂದ ಬರುತ್ತೆ ಅಂತ ದೇವರಿಗೂ ಗೊತ್ತಿಲ್ಲ, ಆದ್ರೆ ಅಲ್ಲಿ ಯಾರೂ ನನ್ನ ಮೂಗಿನ ಸುದ್ದಿಗೆ ಬರಲ್ಲ."

ಅವರು ಚೀಲ ತುಂಬತೊಡಗಿದರು. ಮೊದಲು ಒಳಗೆ ಹೋದದ್ದು ಡಾಕ್ಟರ ಸರ್ಟಿಫಿಕೇಟು. ಹೆಂಡತಿ ಅಮ್ಮನ ಬಳಿ ಹೋಗಿ ಅತ್ತಳು, ಗಂಡನ ಬಳಿ ಬಂದು ಅತ್ತಳು. "ಅಮ್ಮ ಹೇಳೋದೂ ಸುಳ್ಳಿರಲಾರದು. ವಾಸನೆ ಬರೋದೂ ಸುಳ್ಳಲ್ಲ. ನಾನು ಯಾರ ಕಡೆ ಸೇರ್ಲಿ ಹೇಳಿ" ಎಂದಳು. ಇಡೀ ಪ್ರಕರಣದಲ್ಲಿ ಸರಿಯಾದ ಮಾತು ಅದೊಂದೇ ಆಗಿತ್ತು. ಆದ್ದರಿಂದ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಲಾರಿ ಬಂತು. ಗಾರ್ಡು ಹಸಿರು ಬಾವುಟ ಹಿಡಿದು, ಸೀಟಿ ಊದುತ್ತ, ಅದನ್ನು ಸಂದಿಯೊಳಗೆ ಹಿಂದುಹಿಂದಕ್ಕೆ ಬಿಡಿಸಿಕೊಂಡು ಬಂದರು. ನಿವೃತ್ತಿಯಾದ ಮೇಲೆ ಅವರು ಇಷ್ಟು ಸುಖವಾಗಿದ್ದ ದಿನ ಇನ್ನೊಂದಿಲ್ಲ. ಬೀದಿಯವರೆಲ್ಲ ಎಮ್ಮೆಯ ಕೊನೆಯ ದರ್ಶನಕ್ಕೆ ಬಂದಿದ್ದರು. ಬಾವಿ ಮುಚ್ಚುವುದಕ್ಕೂ ಒಂದು ಫಾರಮ್ಮು ಇದೆ ಎಂದು ಇನ್‌ಸ್ಪೆಕ್ಟರೂ ಬಂದಿದ್ದರು.

ಅತ್ತೆ ಬಾವಿಕಟ್ಟೆಯ ಮೇಲೆ ಕೂತಿದ್ದರು. ಒಂದು ಪಕ್ಕದಲ್ಲಿ ಚೀಲ, ಇನ್ನೊಂದು ಪಕ್ಕದಲ್ಲಿ ಆಗ ತಾನೆ ಸೇದಿದ ಕೊಡ.

"ಅಮ್ಮಾ, ಸ್ವಲ್ಪ ಎದ್ದೇಳಿ" ಎಂದ ಲಾರಿ ಡ್ರೈವರು.

"ಏಳ್ತೀನಪ್ಪ. ಒಂದು ಸ್ನಾನ ಬಾಕಿ ಇದೆ." ಅವರು ಅಳಿಯನನ್ನು ನೋಡಿದರು. "ಕೊನೆ ಸ್ನಾನ ನಾನೇ ಮಾಡೋಣ ಅಂತಿದ್ದೆ. ಮನಸ್ಸು ಬದಲಾಯಿಸ್ದೆ. ನೀವು ಮಾಡಿ."

"ನಾನಾ? ತಣ್ಣೀರಲ್ಲಾ?"

"ಒಂದೇ ಒಂದು ಕೊಡ. ವಾಸನೆ ಬಂತು ಅಂದ್ರೆ ಮೊದಲ ಬುಟ್ಟಿ ಮಣ್ಣು ನಾನೇ ಹಾಕ್ತೀನಿ."

ಮೂಗಣ್ಣ ಸುತ್ತ ನೋಡಿದ. ಬೀದಿಯ ಒಂದು ಕಣ್ಣೂ ಬೇರೆ ಕಡೆ ಇರಲಿಲ್ಲ. ಅಂಗಿ ಬಿಚ್ಚಿದ. ಬನಿಯನ್ನು ಬಿಚ್ಚಿದ. ಚಡ್ಡಿಯಲ್ಲಿ ನಿಂತು, ಕೈಗಳನ್ನು ಎದೆಯ ಮೇಲೆ ಮಡಚಿ, ವಧಾಸ್ಥಾನಕ್ಕೆ ಬಂದ ಮಹಾತ್ಮನಂತೆ ತಲೆ ಬಾಗಿಸಿದ. ಗಾರ್ಡು ಅಭ್ಯಾಸಬಲದಿಂದ ಸೀಟಿ ಊದಿದರು. ಅತ್ತೆ ಕೊಡ ಬಗ್ಗಿಸಿದರು.

ತಣ್ಣೀರು ತಲೆಗೆ ಬಿದ್ದಾಗ ಮನುಷ್ಯ ಮಾಡುವ ಮೊದಲ ಕೆಲಸ ಉಸಿರೆಳೆದುಕೊಳ್ಳುವುದು. ಮೂಗಣ್ಣ ಎಳೆದುಕೊಂಡ ಉಸಿರಿಗೆ ಹತ್ತಿರದ ಗಿಡದ ಎಲೆಗಳು ಅಲ್ಲಾಡಿದವು ಎಂದು ಎದುರು ಮನೆಯವರು ಈಗಲೂ ಹೇಳುತ್ತಾರೆ. ಆ ಉಸಿರಿನ ಜೊತೆ ಒದ್ದೆ ಕಲ್ಲಿನ ವಾಸನೆ ಬಂತು, ಪಾಚಿಯ ವಾಸನೆ ಬಂತು, ಲಾರಿಯ ಡೀಸೆಲ್ಲಿನ ವಾಸನೆ ಬಂತು. ಮೊಟ್ಟೆ ಬರಲಿಲ್ಲ.

"ಬಂತಾ?" ಎಂದರು ಅತ್ತೆ.

"ಚ... ಚಳಿಗೆ ಮೂಗು ಕಟ್ಟಿದೆ."

ಅತ್ತೆ ಇನ್ನೊಂದು ಕೊಡ ಸೇದಿ ಹುಯ್ದರು. "ಈಗ?"

ಅವನು ಹಲ್ಲು ಕಟಕಟಿಸುತ್ತ ಗಾರ್ಡಿನ ಕಡೆ ಕೈ ಚಾಚಿದ. "ಮಾಮಾ, ನೀವು ಹೇಳಿ. ಅವತ್ತು ನಿಮಗೂ ಬಂದಿತ್ತಲ್ಲ."

ಗಾರ್ಡು ಬಾವುಟವನ್ನು ನಿಧಾನವಾಗಿ ಸುತ್ತಿದರು. "ನೋಡು, ಕಲ್ಲಿದ್ದಲಿನ ಹೊಗೆ ಕುಡಿದೂ ಕುಡಿದೂ ನನಗೆ ವಾಸನೆ ಅನ್ನೋದು ಗೊತ್ತಾಗದೆ ಬಹಳ ಕಾಲ ಆಯ್ತು. ನೀನು ಅಷ್ಟು ಪ್ರೀತಿಯಿಂದ ಬಕೀಟು ತೋರಿಸ್ದೆ. ಬೇಜಾರು ಮಾಡ್ಕೋತೀಯ ಅಂತ ಹೂಂ ಅಂದೆ."

"ಮತ್ತೆ ಎಮ್ಮೆ?"

"ಎಮ್ಮೆ ಆ ಸ್ಟೇಷನ್ನಿನಲ್ಲಿ ಇತ್ತು."

ಗಂಡ ನೀಲಿಗಟ್ಟುತ್ತಿರುವುದನ್ನು ಬಾಗಿಲಿನಿಂದ ನೋಡುತ್ತಿದ್ದ ಹೆಂಡತಿ ಒಳಗೆ ಓಡಿದಳು. ಬಚ್ಚಲಿನಿಂದ ಒಂದು ಬಕೀಟು ಬೆಚ್ಚಗಿನ ನೀರು ಹಿಡಿದುಕೊಂಡು ಬಂದಳು. "ಸಾಕು ಬಿಡಮ್ಮ. ರೀ, ಇದನ್ನ ಹುಯ್ಕೊಳ್ಳಿ" ಎಂದು ಬಕೀಟು ಇಳಿಸಿದಳು.

ಬಕೀಟು ಇಳಿದದ್ದೇ ತಡ, ಜನ ಹಿಂದಕ್ಕೆ ಸರಿದರು. ಲಾರಿ ಡ್ರೈವರು ಟವೆಲ್ಲಿನಿಂದ ಮೂಗು ಮುಚ್ಚಿದ. ಇನ್‌ಸ್ಪೆಕ್ಟರು ಫಾರಮ್ಮನ್ನೇ ಮುಖಕ್ಕೆ ಹಿಡಿದರು. ಗಾರ್ಡು ಮಾತ್ರ ಅಲ್ಲೇ ನಿಂತು, ಯಾಕೆ ಎಲ್ಲ ಹೋಗುತ್ತಿದ್ದಾರೆ ಎಂದು ನೋಡುತ್ತಿದ್ದರು.

ಅತ್ತೆ ಬಕೀಟಿಗೆ ಬಗ್ಗಿ ಮೂಸಿದರು. ಮುಖ ಸಿಂಡರಿಸಿಕೊಂಡರು. "ಇದಾ ನೀವು ಹೇಳ್ತಿದ್ದ ವಾಸನೆ? ಕೊಳೆತ ಮೊಟ್ಟೆ. ಹೌದು, ಅಳಿಯಂದಿರು ಹೇಳಿದ್ದು ನಿಜ."

ಮೂಗಣ್ಣ ನಡುಗುವುದನ್ನೂ ಮರೆತು ಎದೆಯುಬ್ಬಿಸಿದ. ಅತ್ತೆ ಮುಂದುವರಿಸಿದರು.

"ಬಾವಿಯಿಂದ ಹೊರಡುವಾಗ ಚೆನ್ನಾಗೇ ಇತ್ತಲ್ಲ. ದಾರೀಲಿ ಯಾರ ಸಹವಾಸ ಮಾಡ್ತು ಇದು?"

ಎಲ್ಲರೂ ಒಟ್ಟಿಗೆ ಬಾವಿಯಿಂದ ಹೊರಟ ಕೊಳವೆಯನ್ನು ನೋಡಿದರು. ಅದು ಮೋಟರಿಗೆ ಹೋಗಿತ್ತು. ಜನವೂ ಹೋಯಿತು. ಅದು ಮೇಲಿನ ತೊಟ್ಟಿಗೆ ಹತ್ತಿ ಇಳಿದು ಅಡುಗೆಮನೆಗೆ ಹೋಗಿತ್ತು. ಜನ ಚಪ್ಪಲಿ ಬಿಟ್ಟು ಒಳಗೆ ನುಗ್ಗಿ, ಅಡುಗೆಮನೆಯ ನಲ್ಲಿ ತಿರುಗಿಸಿ, ಸರದಿಯಲ್ಲಿ ಮೂಸಿದರು. ಏನೂ ಇಲ್ಲ. ಬಚ್ಚಲಿನ ತಣ್ಣೀರಿನ ನಲ್ಲಿ ತುಕ್ಕು ಹಿಡಿದು ಬಿಗಿದಿತ್ತು. ಲಾರಿ ಡ್ರೈವರು ಜಗ್ಗಿ ತಿರುಗಿಸಿದ. ಅದರಲ್ಲೂ ಏನೂ ಇಲ್ಲ. ಪಕ್ಕದ ನಲ್ಲಿ ತಿರುಗಿಸಿದರೆ ಮೊಟ್ಟೆ. ಆ ನಲ್ಲಿಯ ಕೊಳವೆ ಗೋಡೆ ತೂರಿ ಹಿಂದಕ್ಕೆ ಹೋಗಿತ್ತು. ಹಿಂದೆ ಹೀಟರು, ಮೇಲೆ ಟೇಪು.

ಇನ್‌ಸ್ಪೆಕ್ಟರ ಮುಖ ಅರಳಿತು. "ಮೊದಲೇ ಕೇಳಿದ್ದೆ, ತಣ್ಣೀರೋ ಬಿಸಿನೀರೋ ಅಂತ. ಇದರೊಳಗೆ ತುಕ್ಕು ಹಿಡೀದೆ ಇರಲಿ ಅಂತ ಒಂದು ಲೋಹದ ಸರಳು ಇಟ್ಟಿರ್ತಾರೆ. ನೀರು ಸರಿಯಾಗಿ ಕಾಯದೆ ಬರೀ ಬೆಚ್ಚಗೆ ನಿಂತ್ರೆ ಅದರ ಸುತ್ತ ಸೂಕ್ಷ್ಮಜೀವಿ ಸಂಸಾರ ಹೂಡ್ತವೆ. ಅವುಗಳ ವಾಸನೆ ಇದು. ಚೆನ್ನಾಗಿ ಕಾಯಿಸಿದ್ರೆ ಸಾಯ್ತವೆ. ಬ್ಲೀಚಿಂಗ್ ಒಳಗೆ ಹೋದಾಗಲೂ ಒಂದು ವಾರ ಅಡಗಿರಬೇಕು. ಇಷ್ಟು ಕೆಳಗೆ ಇಟ್ಟು ಟೇಪು ಅಂಟಿಸಿದ್ದು ಯಾರು?"

ಚಡ್ಡಿಯಲ್ಲಿ ನಿಂತವನ ಮೈಯಿಂದ ನೀರು ತೊಟ್ಟಿಕ್ಕುವ ಸದ್ದು ಎಲ್ಲರಿಗೂ ಕೇಳಿಸಿತು.

"ಅವರೇ" ಎಂದಳು ಹೆಂಡತಿ ಮೆಲ್ಲಗೆ. "ಮೂಗಿಗೋಸ್ಕರ."

ಇನ್‌ಸ್ಪೆಕ್ಟರು ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮೂಗಿಗೋಸ್ಕರ ಅಂತ ಬರೆಯೋದಕ್ಕೆ ಜಾಗ ಇಲ್ಲ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರೆ" ಎಂದರು ಅತ್ತೆ. "ಹೀಟರಿನ ತಪ್ಪಿಗೆ ನನ್ನ ಬಾವಿಗೆ ಮಣ್ಣು. ಪಾಪ, ಈ ಎತ್ತಿಗೆ ಜ್ವರಾನೂ ಬಂದಿರಲಿಲ್ಲ. ಬರೋದಕ್ಕೆ ಬಿಟ್ಟಿದ್ರೆ ಇಷ್ಟೆಲ್ಲ ಆಗ್ತಾನೇ ಇರಲಿಲ್ಲ."

"ಅಣ್ಣಾ" ಎಂದ ಲಾರಿ ಡ್ರೈವರು, "ಮಣ್ಣು ಎಲ್ಲಿ ಹಾಕ್ಲಿ? ವಾಪಸ್ ತಗೊಂಡು ಹೋಗಲ್ಲ ನಾನು."

ಅತ್ತೆ ಹಿತ್ತಲಿಗೆ ಹೋಗಿ ತಮ್ಮ ಚೀಲ ಎತ್ತಿಕೊಂಡರು. ಮೂಗಣ್ಣ ಓಡಿ ಹೋಗಿ ಅವರ ಎದುರು ನಿಂತ. ಏನೋ ಹೇಳಬೇಕೆಂದು ಬಾಯಿ ತೆರೆದರೆ ಹಲ್ಲುಗಳಷ್ಟೇ ಮಾತಾಡಿದವು. ಅತ್ತೆ ಅವನನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿದರು. ಚೀಲದಿಂದ ಒಂದು ಶಾಲು ತೆಗೆದು ಅವನ ಮೇಲೆ ಹಾಕಿದರು. "ಮೊದಲು ಮೈ ಒರೆಸಿಕೊಳ್ಳಿ. ಚೀಲ ಬಿಚ್ಚಾಯ್ತಲ್ಲ, ಇನ್ನು ಯಾರು ಮತ್ತೆ ಕಟ್ತಾರೆ" ಎಂದು ಒಳಗೆ ನಡೆದರು.

ಮಣ್ಣು ಗೇಟಿನ ಪಕ್ಕ ಗುಡ್ಡದ ಹಾಗೆ ಬಿದ್ದುಕೊಂಡಿತು. ಆ ಗುಡ್ಡದ ಕೆಳಗೆ ಎಮ್ಮೆಯನ್ನು ಹೂತಿದ್ದಾರೆ ಎಂದು ಬೀದಿಗೆ ಹೊಸದಾಗಿ ಬಂದವರಿಗೆ ಮೂಲೆಯಂಗಡಿಯವನು ಹೇಳುತ್ತಿದ್ದ. ಹೀಟರಿನ ಹೊಟ್ಟೆ ತೊಳೆದು, ಸವೆದು ಕಡ್ಡಿಯಾಗಿದ್ದ ಸರಳನ್ನು ಬದಲಾಯಿಸಿ, ಗುಂಡಿಯನ್ನು ಮೇಲಕ್ಕೆ ತಿರುಗಿಸಿದರು. ಟೇಪು ಕಿತ್ತುಹಾಕಿದವರು ಅತ್ತೆ. ಡಾಕ್ಟರ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಬಚ್ಚಲಿನ ಬಾಗಿಲ ಮೇಲೆ ತೂಗುಹಾಕಿದವರೂ ಅವರೇ.

ಒಂದು ಸಂಜೆ ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತು ಎಲೆ ಹಾಕುತ್ತಿದ್ದರು. ಅತ್ತೆ ತೊಡೆಯ ಕೆಳಗಿನಿಂದ ಒಂದು ರಾಜನನ್ನು ತೆಗೆದರು. ಅಳಿಯ ಆಕಾಶ ನೋಡಿದ. ನೋಡುತ್ತಿದ್ದವನ ಮೂಗಿನ ಹೊಳ್ಳೆ ಅರಳಿತು. ಒಮ್ಮೆ ಅಡುಗೆಮನೆಯ ಕಡೆ ತಿರುಗಿದ, ಒಮ್ಮೆ ಅತ್ತೆಯ ಕಡೆ ತಿರುಗಿದ, ತುಟಿ ಬಿಗಿಹಿಡಿದು ತನ್ನ ಎಲೆಗಳನ್ನೇ ನೋಡುತ್ತ ಕೂತ.

"ಹಾಲು ಸೀದು ಹೋಗ್ತಿದೆ" ಎಂದರು ಅತ್ತೆ.

"ನನಗೂ ಹಾಗೇ ಅನ್ನಿಸ್ತು."

"ಅನ್ನಿಸಿದ್ರೆ ಬಾಯಿಬಿಟ್ಟು ಹೇಳಬಾರದಾ? ಪಾತ್ರೆ ತಳ ಹೋಯ್ತು."

"ನೀವು ಹೇಳೋವರೆಗೂ ಕಾದೆ" ಎಂದ ಮೂಗಣ್ಣ ವಿನಯದಿಂದ. "ಸರ್ಟಿಫಿಕೇಟು ಇರೋದು ನಿಮ್ಮ ಮೂಗಿಗೆ."